ಬೆಂಗಳೂರು ದಾಟದ ಆಕಾಶದಾರಿ

ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸಲು ಅನುದಾನ ಕೊಡುವ ಕೇಂದ್ರದ ಉಡಾನ್ ಯೋಜನೆಗೆ ಚಾಲನೆ ಸಿಕ್ಕಿದ್ದು 2016ರ ಅಕ್ಟೋಬರ್‌ನಲ್ಲಿ. ಅಲ್ಲಿಂದೀಚೆಗೆ ಕಲಬುರಗಿ (2019), ಬೀದರ್ (2020), ಶಿವಮೊಗ್ಗ (2023) ಪ್ರಯಾಣಿಕ ವಿಮಾನ ಕಂಡವು. ಹುಬ್ಬಳ್ಳಿ, ಬೆಳಗಾವಿ ನಿಲ್ದಾಣಗಳಿಗೂ ಜೀವ ಬಂತು. ಸಂತೋಷಪಡುವ ಸಂಗತಿಯೇ. ಆದರೆ ಇಷ್ಟು ವರ್ಷ ನಾವು ನಿಲ್ದಾಣಗಳನ್ನು ಎಣಿಸಿದೆವು, ಶಿವಮೊಗ್ಗದ ರನ್‌ವೇ 3,200 ಮೀಟರ್ ಎಂದು ಹೆಮ್ಮೆಪಟ್ಟೆವು. ಈ ಊರಿನಿಂದ ಹೊರಟವರು ಆ ಊರನ್ನು ಎಷ್ಟು ಹೊತ್ತಿಗೆ ಮುಟ್ಟುತ್ತಾರೆ ಎಂದು ಮಾತ್ರ ಕೇಳಲಿಲ್ಲ.

ಬೆಂಗಳೂರು–ಶಿವಮೊಗ್ಗ ವಾಯುಮಾರ್ಗ ಸುಮಾರು 240 ಕಿ.ಮೀ. ಗಂಟೆಗೆ 500 ಕಿ.ಮೀ. ಹಾರಬಲ್ಲ ಎಟಿಆರ್ ವಿಮಾನಕ್ಕೆ ಅರ್ಧ ಗಂಟೆಯ ದಾರಿ. ಆದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ನಮೂದಾಗುತ್ತದೆ. ರನ್‌ವೇವರೆಗೆ ಸಾಗುವುದು, ಸರದಿಗೆ ಕಾಯುವುದು, ಮೇಲೇರುವುದು, ಸುತ್ತು ಹಾಕಿ ಇಳಿಯುವುದು ಎಲ್ಲ ಅದರೊಳಗೇ ಸೇರಿದೆ. ಬೆಂಗಳೂರಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋಗುವ ಹೊತ್ತು, ಚೆಕ್‌-ಇನ್, ಸೋಗಾನೆಯ ನಿಲ್ದಾಣದಿಂದ ಶಿವಮೊಗ್ಗ ಊರಿಗೆ ಬರುವ ಹೊತ್ತು ಬೇರೆ. ಐದು ಗಂಟೆಯೊಳಗೆ ತಲುಪಿಸುವ ಜನಶತಾಬ್ದಿ ರೈಲಿಗಿಂತ ಇಲ್ಲಿ ಉಳಿಯುವ ಹೊತ್ತು ಅಲ್ಪವೇ. ಮಲೆನಾಡಿನ ಮಳೆ, ಮೋಡ ಅಡ್ಡ ಬಂದರೆ ಅದೂ ಇಲ್ಲ. ಬೀದರಿನವರಿಗೆ ಹಾಗಲ್ಲ. ಅವರಿಗೆ ಅದೇ ಒಂದು ಗಂಟೆ ಚಿಲ್ಲರೆ ಹಾರಾಟ ಇಡೀ ರಾತ್ರಿಯ ಪ್ರಯಾಣವನ್ನು ಉಳಿಸುತ್ತದೆ.

ಇನ್ನು ಪ್ರಾದೇಶಿಕ ನಿಲ್ದಾಣಗಳ ನಡುವಿನ ಮಾತು. ಕಲಬುರಗಿಯಿಂದ ಮಂಗಳೂರಿಗೆ ನೇರವಾಗಿ ಸುಮಾರು 530 ಕಿ.ಮೀ. ಬೆಂಗಳೂರಿನ ಮೇಲೆ ಬಂದರೆ ಸುಮಾರು 770 ಕಿ.ಮೀ. ಹೆಚ್ಚುವರಿ ದೂರವಾದರೂ ಅರ್ಧ ಗಂಟೆಯಲ್ಲಿ ಕಳೆದೀತು. ದಿನವನ್ನು ನುಂಗುವುದು ನಡುವೆ ಮುಂದಿನ ವಿಮಾನಕ್ಕೆ ಕಾಯುವ ಹೊತ್ತು. ಬೆಳಗಾವಿ–ಮೈಸೂರು ನಡುವೆ, ಅಂದಾಜು 460 ಕಿ.ಮೀ. ದೂರಕ್ಕೆ, 2020ರಲ್ಲಿ ಟ್ರೂಜೆಟ್ ವಿಮಾನ ಹಾರಿಸಿತ್ತು. ರೈಲಿನಲ್ಲಿ ರಾತ್ರಿ ಕಳೆಯುತ್ತಿದ್ದವರಿಗೆ ಅದು ನಿಜವಾದ ಅನುಕೂಲ. ಕೋವಿಡ್ ಬಂತು, 2022ರಲ್ಲಿ ಕಂಪನಿಯ ಹಾರಾಟವೇ ನಿಂತಿತು.

ಇದು ಒಂದು ಕಂಪನಿಯ ಕಥೆಯಲ್ಲ. ಉಡಾನ್‌ನ ಮೊದಲ ಮೂರು ಸುತ್ತುಗಳ ಬಗ್ಗೆ ಮಹಾಲೇಖಪಾಲರು (ಸಿಎಜಿ) 2023ರಲ್ಲಿ ಕೊಟ್ಟ ವರದಿಯ ಪ್ರಕಾರ, ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆ ಬಳಿಕವೂ ಉಳಿದದ್ದು, 2023ರ ಮಾರ್ಚ್ ವೇಳೆಗೆ, ಬರೀ 54. ವಿಮಾನ ಕಂಪನಿಗೆ ಸಿಗುವ ಅನುದಾನ ಮೂರು ವರ್ಷಕ್ಕೆ ನಿಲ್ಲುತ್ತದೆ, ಅದರ ಬೆನ್ನಿಗೇ ವಿಮಾನವೂ ನಿಲ್ಲುತ್ತದೆ. ಜನ ಹೊಸ ದಾರಿಗೆ ಒಗ್ಗಿಕೊಳ್ಳಲು ಬೇಕಾಗುವ ಕಾಲವನ್ನು ಯೋಜನೆ ಕೊಡಲೇ ಇಲ್ಲ ಎಂಬುದು ನಮ್ಮ ದೃಢವಾದ ಅಭಿಪ್ರಾಯ.

2025ರ ಕೇಂದ್ರ ಬಜೆಟ್ ಪರಿಷ್ಕೃತ ಉಡಾನ್‌ನಲ್ಲಿ 120 ಹೊಸ ತಾಣಗಳನ್ನು ಘೋಷಿಸಿದೆ. ಅನುದಾನದಲ್ಲಿ ಶೇ 20 ಪಾಲು ರಾಜ್ಯದ್ದು. ಹಾಗಾಗಿ ಮಾತನಾಡುವ ಹಕ್ಕೂ ರಾಜ್ಯಕ್ಕಿದೆ. ಹೊಸ ತಾಣ ಕೇಳುವ ಮುನ್ನ ಇರುವ ನಿಲ್ದಾಣಗಳನ್ನೇ ಒಂದಕ್ಕೊಂದು ಬೆಸೆಯುವ ಎರಡು ಮಾರ್ಗಗಳನ್ನು, ಕಲಬುರಗಿ–ಮಂಗಳೂರು ಮತ್ತು ಬೆಳಗಾವಿ–ಮೈಸೂರು ಮಾರ್ಗಗಳನ್ನು, ರಾಜ್ಯ ಪಟ್ಟು ಹಿಡಿದು ಕೇಳಲಿ. ಅವಕ್ಕೆ ಮೂರಲ್ಲ, ಕನಿಷ್ಠ ಐದು ವರ್ಷದ ನೆರವು ಸಿಗಲಿ.