ಕೋಳಿಗೂಡಿಗೆ ಉಳಿದ ಮೂಲೆಯೇ ಏಕೆ?

ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆಯ ಹಿತ್ತಿಲುಗಳಲ್ಲಿ ಕೋಳಿಗೂಡಿಗೆಂದು ಸ್ಥಳವನ್ನು ಆರಿಸುವ ವಾಡಿಕೆ ಕಡಮೆ. ಕೊಟ್ಟಿಗೆ, ಬಚ್ಚಲು, ಸೌದೆಯ ರಾಶಿ ಇವುಗಳಿಗೆ ಸಂದು ಉಳಿದ ಮೂಲೆಯೇ ಅದರ ಪಾಲಿಗೆ ಬರುತ್ತದೆ. ಇದು ತಪ್ಪೆಂಬುದು ನಮ್ಮ ಅಭಿಪ್ರಾಯ. ಈ ತಪ್ಪನ್ನು ನಾವೂ ಮಾಡಿದವರೇ. ಸಂಜೆಯ ಬಿಸಿಲು ಬಡಿಯುವ ಕಲ್ಲುಗೋಡೆಗೆ ಒರಗಿಸಿ ಗೂಡು ಕಟ್ಟಿದೆವು. ಏಪ್ರಿಲ್ ತಿಂಗಳ ಒಂದು ಸಂಜೆ ಮೊಟ್ಟೆಯಿಡುತ್ತಿದ್ದ ಮೂರು ಹೇಂಟೆಗಳು ಅಲ್ಲಿ ಸತ್ತು ಬಿದ್ದಿದ್ದವು. ತರಗತಿಯಲ್ಲಿ ಉಷ್ಣದ ಪಾಠ ಹೇಳಿ ಮನೆಗೆ ಬಂದವರಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಬೇರೆ ಬೇಕೆ?

ಕೋಳಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಂಟಿಗ್ರೇಡ್. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಸೆಖೆಯಾದಾಗ ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ಆಗ ಆವಿಯಾಗುವ ಪ್ರತಿ ಗ್ರಾಮ್ ನೀರು ಸುಮಾರು 580 ಕೆಲೊರಿ ಉಷ್ಣವನ್ನು ಹೊತ್ತೊಯ್ಯುತ್ತದೆ. ಗಾಳಿಯಾಡದ ಮೂಲೆಯಲ್ಲಿ ಆ ಆವಿ ಅಲ್ಲಿಯೇ ತಂಗಿದರೆ ಏದುಸಿರಿನಿಂದ ದೊರೆಯುವ ತಂಪು ಕುಗ್ಗುತ್ತದೆ. ಕಾದ ಕಲ್ಲುಗೋಡೆಯಾದರೋ ಸೂರ್ಯ ಮುಳುಗಿದ ಮೇಲೂ ಉಷ್ಣವನ್ನು ಸೂಸುತ್ತಲೇ ಇರುತ್ತದೆ.

ಗೂಡಿನ ಮುಖ ದಕ್ಷಿಣಕ್ಕಿರಲಿ ಎಂದು ಶೀತದೇಶಗಳ ಪುಸ್ತಕಗಳು ಹೇಳುತ್ತವೆ. ಇಂಗ್ಲೆಂಡಿನಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುವುದರಿಂದ ಅಲ್ಲಿಗೆ ಆ ಮಾತು ಸರಿ. ನಮ್ಮ ಊರುಗಳು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿ. ಏಪ್ರಿಲ್ 21ರ ಸುಮಾರಿಗೆ, ಹಗಲು 12 ಗಂಟೆ 20 ನಿಮಿಷದ ಹೊತ್ತಿಗೆ, ಇಲ್ಲಿ ನೆಟ್ಟಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆಮೇಲೆ ಆಗಸ್ಟ್ 22ರ ಸುಮಾರಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದಾಗಲೂ ಅವನ ಎತ್ತರ ಸುಮಾರು 55 ಡಿಗ್ರಿ. ಇಷ್ಟು ಮೇಲಿರುವ ಸೂರ್ಯನನ್ನು ಮೂರಡಿ ಮುಂಚಾಚಿದ ಸೂರು ತಡೆಯಬಲ್ಲದು. ತಗ್ಗಿನಿಂದ ಓರೆಯಾಗಿ ನುಗ್ಗುವ ಬೆಳಗು ಸಂಜೆಗಳ ಬಿಸಿಲನ್ನು ಸೂರು ತಡೆಯಲಾರದು. ಆದುದರಿಂದ ಗೂಡಿನ ಉದ್ದ ಪೂರ್ವಪಶ್ಚಿಮವಾಗಿರಲಿ; ಜಾಲರಿಯ ಬದಿಗಳು ಉತ್ತರ ದಕ್ಷಿಣಗಳಿಗೆ ತೆರೆದಿರಲಿ; ಪಶ್ಚಿಮಕ್ಕೆ ಹೊಂಗೆಯ ಮರವೊಂದಿದ್ದರೆ ಇನ್ನೂ ಲೇಸು.

ನೆಲವೂ ಮುಖ್ಯ. ಅಕ್ಟೋಬರಿನ ಮಳೆಯ ನೀರು ನಿಲ್ಲುವ ತಗ್ಗಿನಲ್ಲಿ ಹಿಕ್ಕೆ ನೆನೆದು ಅಮೋನಿಯ ಹೊರಡುತ್ತದೆ. ಅದು ಹಕ್ಕಿಗಳ ಕಣ್ಣಿಗೂ ಶ್ವಾಸಕ್ಕೂ ಕೇಡು. ಬಂಡೀಪುರದ ಅಂಚಿನ ಹಳ್ಳಿಗಳಲ್ಲಂತೂ ಕಾಡುಬೆಕ್ಕು, ಮುಂಗುಸಿಗಳ ಭಯವಿರುವುದರಿಂದ ಗೂಡಿನ ಸದ್ದು ಮನೆಗೆ ಕೇಳುವಂತಿರಬೇಕು.

ಅಂಗೈಯಗಲದ ಹಿತ್ತಿಲಿನಲ್ಲಿ ಇಷ್ಟೆಲ್ಲ ನೋಡಲು ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ಎಲ್ಲ ಗುಣಗಳೂ ಒಂದೇ ಕಡೆ ದೊರೆಯದಿರಬಹುದು, ನಿಜ. ಆದರೆ ಅದೇ ಗೂಡನ್ನು ದಿಕ್ಕು ತಿರುಗಿಸಿ ಕಟ್ಟುವುದಕ್ಕೆ ಒಂದು ಕಾಸೂ ಹೆಚ್ಚು ತಗಲುವುದಿಲ್ಲ.

ವಿದ್ಯಾರ್ಥಿಗಳು ಬರುವ ಭಾನುವಾರ ಹಿತ್ತಿಲಿನಲ್ಲಿ ಒಂದು ಕೋಲು ನೆಟ್ಟು ಬೆಳಗಿನಿಂದ ಸಂಜೆಯವರೆಗೆ ಅದರ ನೆರಳನ್ನು ಗುರುತಿಸಲಿ. ಊದುಬತ್ತಿಯ ಹೊಗೆ ಯಾವ ಕಡೆ ಸಾಗುವುದೆಂದು ನೋಡಲಿ. ಒಂದು ದಿನದ ಆ ನೋಟ ನಮಗಿದ್ದಿದ್ದರೆ ಆ ಮೂರು ಹೇಂಟೆಗಳು ಬಹುಶಃ ಉಳಿಯುತ್ತಿದ್ದವು.