ಹಳಿ ಕಾಣುತ್ತೆ, ರೈಲು ಕಾಣಲ್ಲ

ಬೈಯಪ್ಪನಹಳ್ಳಿ ಹತ್ತಿರದ ಮನೆಯಿಂದ ಸರ್ಜಾಪುರ ರಸ್ತೆಯ ಆಫೀಸಿಗೆ ನಾನು ಎರಡು ವರ್ಷ ಕ್ಯಾಬಿನಲ್ಲಿ ಹೋಗಿ ಬಂದೆ. ವಾರಕ್ಕೆರಡು ಸಲವಾದರೂ ರೈಲ್ವೆ ಗೇಟಿನಲ್ಲಿ ಗಾಡಿ ನಿಲ್ಲೋದು, ರೈಲು ಹಾರ್ನ್ ಹೊಡ್ಕೊಂಡು ಹೋಗೋದು, ನಾನು ಅದಕ್ಕೆ ಶಾಪ ಹಾಕೋದು. ಆ ರೈಲಲ್ಲಿ ನಾನೇ ಕೂತು ಬರಬಹುದಲ್ಲ ಅನ್ನೋ ಯೋಚನೆ ಒಂದು ದಿನವೂ ಬಂದಿರಲಿಲ್ಲ. ಎಲ್ಲಿಂದ ಬರಬೇಕು ಹೇಳಿ? ಫೋನಿನಲ್ಲಿ ಕಾಣದೇ ಇರೋದು ನಮ್ಮ ಪಾಲಿಗೆ ಈ ಲೋಕದಲ್ಲೇ ಇಲ್ಲ.

ಬೈಯಪ್ಪನಹಳ್ಳಿಯಿಂದ ಹೊಸೂರಿಗೆ ಹೋಗೋ ಲೈನನ್ನ ಒಮ್ಮೆ ನೋಡಿ. ಬೆಳ್ಳಂದೂರು ರೋಡ್, ಕಾರ್ಮೆಲರಾಂ, ಹೀಲಲಿಗೆ, ಆನೇಕಲ್ ರೋಡ್. ಐಟಿ ಬೆಂಗಳೂರಿನ ಬೆನ್ನಿಗೆ ಅಂಟಿಕೊಂಡಂತಿರೋ ಸ್ಟೇಷನ್ನುಗಳು. ನಿಮ್ಮ ಟೀಮಿನಲ್ಲಿ ಎಷ್ಟು ಜನಕ್ಕೆ ಈ ನಾಲ್ಕೂ ಹೆಸರು ಗೊತ್ತು, ಕೇಳಿ ನೋಡಿ. ರೈಲು ಕಡಿಮೆ, ಒಪ್ಪಿದೆ. ಮೆಟ್ರೋ ಥರ ಬಂದ ಹಿಂದೆಯೇ ಇನ್ನೊಂದು ಬರಲ್ಲ. ಆದರೆ ಕಡಿಮೆ ಇರೋದಕ್ಕೇ ತಾನೆ ಎಷ್ಟು ಹೊತ್ತಿಗೆ ಬರುತ್ತೆ ಅಂತ ಗೊತ್ತಿರಬೇಕಾದ್ದು?

ಓಪನ್‌ಸ್ಟ್ರೀಟ್‌ಮ್ಯಾಪ್ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಮ್ಯಾಪುಗಳ ವಿಕಿಪೀಡಿಯ. ಜನರ ತೆರಿಗೆಯಲ್ಲಿ ತಯಾರಾದ ಸರ್ಕಾರಿ ನಕ್ಷೆಗೆ ಜನರೇ ಮತ್ತೆ ದುಡ್ಡು ಕೊಡಬೇಕಾ ಅನ್ನೋ ಸಿಟ್ಟಿನಲ್ಲಿ 2004ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ಅದರಲ್ಲಿ ಹಳಿ ಬೇರೆ, ರೈಲು ಬೇರೆ. ಹಳಿಯನ್ನ ಉಪಗ್ರಹದ ಚಿತ್ರ ನೋಡಿಕೊಂಡು ಮನೇಲಿ ಕೂತೇ ಎಳೀಬಹುದು, ಬ್ರಾಡ್‌ಗೇಜ್ ಆದರೆ 1676 ಮಿಲಿಮೀಟರ್ ಅಂತ ಬರೀಬಹುದು. ರೈಲು ಅಂದರೆ ಆ ಗೆರೆಗಳನ್ನ ಮಾಲೆ ಥರ ಪೋಣಿಸಿ, ಎಲ್ಲೆಲ್ಲಿ ನಿಲ್ಲುತ್ತೆ ಅಂತ ಸಾಲಾಗಿ ಬರೆಯೋದು. ಇದಕ್ಕೆ ಅಲ್ಲಿ ರಿಲೇಶನ್ ಅಂತಾರೆ. ಎಷ್ಟು ಗಂಟೆಗೆ ಅನ್ನೋದು ಮೂರನೇ ವಿಷಯ, ಅದು ಮ್ಯಾಪಿನೊಳಗೆ ಕೂರೋದಲ್ಲ. ಅದಕ್ಕೆ ಜಿಟಿಎಫ್‌ಎಸ್ ಅನ್ನೋ ಫೈಲು ಇದೆ. ಒಳಗೆ ಇರೋದು ಬರೀ ಅಲ್ಪವಿರಾಮ ಹಾಕಿದ ಪಠ್ಯದ ಸಾಲುಗಳು, ರಾಕೆಟ್ ವಿಜ್ಞಾನ ಏನಲ್ಲ.

ಹಳಿ ಎಳೆಯೋ ಕೆಲಸ ನಮ್ಮ ಸ್ವಯಂಸೇವಕರು ಮಾಡಿದಾರೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಸುರಂಗಗಳೇ ಐವತ್ತಕ್ಕೂ ಹೆಚ್ಚು. ಅಂಥ ಜಾಗಕ್ಕೂ ತಾಳ್ಮೆ ಇದ್ದವರು ಗೆರೆ ಎಳೀತಾರೆ. ಸಿಕ್ಕಿಬೀಳೋದು ಆಮೇಲೆ. ಯಾವ ಪ್ಯಾಸೆಂಜರ್ ಎಲ್ಲಿ ನಿಲ್ಲುತ್ತೆ, ಎಷ್ಟು ಹೊತ್ತಿಗೆ ನಿಲ್ಲುತ್ತೆ ಅನ್ನೋದು ಆಕಾಶದಿಂದ ಕಾಣಲ್ಲ. ಇನ್ಯಾರದೋ ವೆಬ್‌ಸೈಟಿನಿಂದ ನಕಲು ಮಾಡೋ ಹಾಗೂ ಇಲ್ಲ, ಲೈಸೆನ್ಸ್ ಬಿಡಲ್ಲ. ಅದನ್ನ ರೈಲ್ವೆ ಕೊಡಬೇಕು.

ಕೊಟ್ಟೇ ಇಲ್ವಾ? ಕೊಟ್ಟಿದೆ, ಮಜಾ ಇರೋದೇ ಅಲ್ಲಿ. ಕೇಂದ್ರದ ದತ್ತಾಂಶ ಹಂಚಿಕೆ ನೀತಿ ಬಂದದ್ದು 2012ರಲ್ಲಿ. ಆ ನೀತಿಯ ಪೋರ್ಟಲಿನಲ್ಲಿ ನನಗೆ ಸಿಕ್ಕ ರೈಲ್ವೆ ವೇಳಾಪಟ್ಟಿ 2017ರ ನವೆಂಬರ್ 1ರದ್ದು, ಅದೂ ಸೀಟು ಕಾಯ್ದಿರಿಸಬಹುದಾದ ರೈಲುಗಳದ್ದು ಮಾತ್ರ. ಹತ್ತು ರೂಪಾಯಿ ಟಿಕೆಟ್ಟಿನ ಪ್ಯಾಸೆಂಜರ್ ರೈಲು ಆ ಲೆಕ್ಕಕ್ಕೇ ಬರಲ್ಲ. ಮ್ಯಾಪು ಯಾರಿಗೆ ನಿಜವಾಗಿ ಬೇಕೋ, ಹಾಲ್ಟ್ ಸ್ಟೇಷನ್ನಿನಲ್ಲಿ ಹತ್ತಿ ಇಳಿಯೋ ಗಾರ್ಮೆಂಟ್ಸ್ ಹೆಣ್ಮಕ್ಕಳಿಗೆ, ಸೆಕ್ಯುರಿಟಿ ಗಾರ್ಡುಗಳಿಗೆ, ಅವರ ರೈಲೇ ಅದರಲ್ಲಿಲ್ಲ. ಉಳಿದದ್ದು ಪಿಡಿಎಫ್. ಪಿಡಿಎಫ್ ಅಂದರೆ ಗಾಜಿನ ಕಪಾಟಿನಲ್ಲಿಟ್ಟ ಮೈಸೂರ್ ಪಾಕು. ನೋಡಬಹುದು, ತಿನ್ನೋಕಾಗಲ್ಲ.

‘ಆ್ಯಪ್ ಇದೆಯಲ್ಲ ಗುರು, ನಿನ್ನದೇನು ಗೋಳು?’ ಅಂದ ನನ್ನ ಸಹೋದ್ಯೋಗಿ. ಇದೆ. ‘ವೇರ್ ಈಸ್ ಮೈ ಟ್ರೇನ್’ ಮಾಡಿದ್ದು ಇದೇ ಬೆಂಗಳೂರಿನ ಪುಟ್ಟ ಕಂಪನಿ, 2018ರಲ್ಲಿ ಗೂಗಲ್ ಅದನ್ನ ಕೊಂಡಿತು. ಒಳ್ಳೇ ಆ್ಯಪ್, ನಾನೂ ಬಳಸ್ತೀನಿ. ಆದರೆ ಆ್ಯಪ್ ಇರೋದು ಬೇರೆ, ಮಾಹಿತಿ ಎಲ್ಲರದ್ದಾಗಿರೋದು ಬೇರೆ. ಬಸ್ಸಿಳಿದು ರೈಲು ಹತ್ತಿ ಆಮೇಲೆ ಮೆಟ್ರೋ ಹಿಡಿಯೋ ದಾರಿಯನ್ನ ಒಟ್ಟಿಗೇ ತೋರಿಸೋ ಪುಟ್ಟ ಸಾಧನ, ಕನ್ನಡದಲ್ಲಿ, ಕಾಲೇಜು ಹುಡುಗಿಯೊಬ್ಬಳು ಬರೀಬೇಕು ಅಂದರೆ ಅವಳು ಯಾರ ಬಾಗಿಲು ತಟ್ಟಬೇಕು? ಸಾಧ್ಯವೇ ಇಲ್ಲದ ಮಾತೇನಲ್ಲ. ಕೊಚ್ಚಿ ಮೆಟ್ರೋ 2018ರಲ್ಲೇ ತನ್ನ ವೇಳಾಪಟ್ಟಿಯನ್ನ ಜಿಟಿಎಫ್‌ಎಸ್‌ನಲ್ಲಿ ಬಿಟ್ಟುಕೊಟ್ಟಿತು. ಬ್ರಿಟನ್ನಿನ ನೆಟ್‌ವರ್ಕ್ ರೈಲ್ 2012ರಲ್ಲಿ ರೈಲುಗಳ ಓಡಾಟದ ಮಾಹಿತಿಯನ್ನೇ ತೆರೆದಿಟ್ಟಿತು. ಅಲ್ಲೇನೂ ಹಳಿ ತಪ್ಪಲಿಲ್ಲ.

ಇನ್ನು ಭದ್ರತೆ ಅನ್ನೋ ರಾಗ. 2021ರ ಫೆಬ್ರವರಿಯಲ್ಲಿ ಕೇಂದ್ರವೇ ನಕ್ಷೆಗಳ ಮೇಲಿನ ಹಳೇ ಕಟ್ಟುಪಾಡು ಸಡಿಲಿಸಿ, ಭಾರತೀಯರು ನಕ್ಷೆ ಮಾಡೋಕೆ ಮೊದಲೇ ಅನುಮತಿ ಕೇಳಬೇಕಿಲ್ಲ ಅಂತು. ರೈಲು ಎಷ್ಟು ಗಂಟೆಗೆ ಬರುತ್ತೆ ಅನ್ನೋದಂತೂ ಮೈಕಿನಲ್ಲಿ ಮೂರು ಭಾಷೆಯಲ್ಲಿ ಕೂಗಿ ಹೇಳೋ ವಿಷಯ, ಸ್ವಾಮಿ! ಅದರಲ್ಲಿ ಮುಚ್ಚಿಡೋಕೇನಿದೆ?

ರೈಲ್ವೆಯನ್ನ ಬೈದರೆ ನಮ್ಮ ಕೈ ತೊಳೆದ ಹಾಗಾಗಲ್ಲ. ಸಬ್‌ಅರ್ಬನ್ ರೈಲಿನ ನಾಲ್ಕು ಕಾರಿಡಾರು, 148 ಕಿಲೋಮೀಟರು, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಚಂದದ ಹೆಸರು. ಇನ್ನೂ ಹಳಿ ಬೀಳದ ಆ ಲೈನುಗಳ ಬಣ್ಣದ ನಕ್ಷೆ ಪ್ರತಿ ವಾಟ್ಸಾಪ್ ಗ್ರೂಪಿನಲ್ಲೂ ಇದೆ, ಆಗಲೇ ಓಡ್ತಿರೋ ರೈಲಿನ ಸ್ಟೇಷನ್ನಿಗೆ ಹೋಗೋ ಕಾಲುದಾರಿ ಯಾರಿಗೂ ಬೇಕಿಲ್ಲ. ಹಗಲೆಲ್ಲ ಅಮೆರಿಕದ ಯಾವುದೋ ಅಂಗಡಿಯ ಟೆರಾಬೈಟ್‌ಗಟ್ಟಲೆ ಡೇಟಾ ಕ್ಲೀನ್ ಮಾಡೋ ಊರಿದು. ಮನೆ ಪಕ್ಕದ ಸ್ಟೇಷನ್ನಿನ ಕನ್ನಡ ಹೆಸರು ಮ್ಯಾಪಿಗೆ ಸೇರಿಸೋಕೆ ನಮಗೆ ಹತ್ತು ನಿಮಿಷ ಸಿಗಲ್ಲ.

ಒಂದು ಶನಿವಾರ ಅಂಥ ಒಂದು ಹಾಲ್ಟಿಗೆ ಹೋದೆ. ಹೆಸರು ಬೇಡ, ಕೌಂಟರಿನಲ್ಲಿದ್ದವರು ಒಳ್ಳೆಯವರು, ಅವರಿಗೆ ತೊಂದರೆಯಾಗಬಾರದು. ಮುಖ್ಯ ರಸ್ತೆಯಿಂದ ಪ್ಲಾಟ್‌ಫಾರ್ಮಿಗೆ ಎರಡು ಲೇಔಟುಗಳ ಕಾಂಪೌಂಡ್ ನಡುವೆ ಒಂದು ಸಂದಿ. ಗೊತ್ತಿದ್ದರೆ ಐದು ನಿಮಿಷ, ಇಲ್ಲದಿದ್ದರೆ ಎರಡು ಕಿಲೋಮೀಟರ್ ಸುತ್ತು. ಮ್ಯಾಪಿನಲ್ಲಿ ಸ್ಟೇಷನ್ ಒಂದು ಚುಕ್ಕಿಯಾಗಿ ಇತ್ತು, ಸಂದಿ ಇರಲಿಲ್ಲ. ಎಳೆದೆ. ಹಳದಿ ಬೋರ್ಡಿನ ಮೇಲೆ ಹೆಸರು ಕನ್ನಡದಲ್ಲಿತ್ತು, ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತಲೂ ಇತ್ತು. ಅದೂ ಸೇರಿತು. ನೂರು ವರ್ಷದ ಹಿಂದಿನವರೇ ವಾಸಿ, ಗೊತ್ತಿದ್ದದ್ದನ್ನ ದಾರೀಲಿ ಹೋಗೋನಿಗೂ ಕಾಣೋ ಹಾಗೆ ಬರೆದಿಡ್ತಿದ್ದರು.

‘ಟೈಮಿಂಗ್ಸ್ ಎಲ್ಲಿ ಸಿಗುತ್ತೆ ಸರ್?’ ಅಂದೆ. ಕೌಂಟರಿನವರು ಕಿಟಕಿಯ ಒಳಗಡೆ ಅಂಟಿಸಿದ್ದ ಹಾಳೆ ತೋರಿಸಿದರು. ಪ್ರಿಂಟ್ ಆಗಿದ್ದ ಸಮಯಗಳ ಮೇಲೆ ಎರಡು ಕಡೆ ಬಾಲ್‌ಪೆನ್ನಿನಲ್ಲಿ ಗೀಟು ಹೊಡೆದು, ಪಕ್ಕದಲ್ಲಿ ಹೊಸದು ಬರೆದಿತ್ತು.

‘ಇದು ಸರಿ ಇದೆಯಾ?’

‘ಪೆನ್ನಲ್ಲಿ ಬರೆದಿರೋದು ಸರಿ. ಫೋಟೋ ಹೊಡ್ಕೊಳ್ಳಿ, ಎಲ್ಲರೂ ಹಾಗೇ ಮಾಡೋದು.’