ಉಳ್ಳಾಗಡ್ಡಿಗೇಕೆ ನಾಚಿಕೆ?

ನಮ್ಮ ತರಗತಿಯ ಬಾಲಕನೊಬ್ಬ ಪ್ರಬಂಧದಲ್ಲಿ 'ಉಳ್ಳಾಗಡ್ಡಿ' ಎಂದು ಬರೆದು, ಅದನ್ನು ಹೊಡೆದುಹಾಕಿ 'ಈರುಳ್ಳಿ' ಎಂದು ತಿದ್ದಿದ್ದ. ಏಕೆಂದು ಕೇಳಿದರೆ, "ಅದು ಮನ್ಯಾಗಿನ ಮಾತು ಸರ್" ಎಂದ. ಮನೆಯ ಮಾತು ತಪ್ಪೆಂಬ ಭಾವನೆಯನ್ನು ಮಕ್ಕಳಲ್ಲಿ ಬಿತ್ತಿದವರು ನಾವೇ ಅಲ್ಲವೇ?

ವಿಚಾರ ಮಾಡಿ ನೋಡಿದರೆ ಎರಡು ಪದಗಳ ಬೇರೂ ಒಂದೇ, ಅದು 'ಉಳ್ಳಿ'. ಉಳ್ಳಿಯ ಗಡ್ಡೆ ಉಳ್ಳಾಗಡ್ಡಿ, ನೀರುಳ್ಳಿಯೇ ಈರುಳ್ಳಿ, ಬಿಳಿಯ ಉಳ್ಳಿ ಬೆಳ್ಳುಳ್ಳಿ. ನೆರೆಮನೆಯ ತೆಲುಗರ 'ಉಲ್ಲಿಗಡ್ಡ', ದೂರದ ಮಲಯಾಳಿಗಳ 'ಉಳ್ಳಿ' ಇವುಗಳ ಒಡಹುಟ್ಟುಗಳು. ಸಂತೆಯಲ್ಲಿ ಕೇಳುವ 'ಪ್ಯಾಜ್' ಮಾತ್ರ ಪಾರಸಿಯಿಂದ ಬಂದ ಅತಿಥಿ.

ಗೊಂಚಲಾಗಿ ಬೆಳೆಯುವ ಸಣ್ಣ ಉಳ್ಳಾಗಡ್ಡಿಗೆ ಬೆಂಗಳೂರಿನ ಕಡೆ 'ಸಾಂಬಾರ್ ಈರುಳ್ಳಿ' ಎನ್ನುವರು. ಇಂಗ್ಲಿಷಿನಲ್ಲಿ ಅದು 'ಶಾಲಟ್'. ಮೆಡಿಟರೇನಿಯನ್ ಕರಾವಳಿಯ ಅಸ್ಕಲಾನ್ ಎಂಬ ಪುರಾತನ ಪಟ್ಟಣದ ಹೆಸರು ಲ್ಯಾಟಿನ್, ಫ್ರೆಂಚ್ ಭಾಷೆಗಳನ್ನು ದಾಟಿ, ಸವೆದು ಸವೆದು ಹಾಗಾಯಿತು. ಬಾಯಿಂದ ಬಾಯಿಗೆ ಸವೆದ ಆ ಪದವನ್ನು ಇಂಗ್ಲಿಷರು ಹೆಮ್ಮೆಯಿಂದಲೇ ಬಳಸುತ್ತಾರೆ. ನಮ್ಮ ಪದಕ್ಕೆ ನಾವೇಕೆ ತಲೆ ತಗ್ಗಿಸಬೇಕು?

1956ರವರೆಗೆ ಜಹೀರಾಬಾದ, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಆಮೇಲೆ ಗಡಿ ಸರಿಯಿತು. ಅಡುಗೆಮನೆಯ ಮಾತು ಸರಿಯಲಿಲ್ಲ. ಶಾಲೆಯಿಂದ ದೂರವಿದ್ದ ತಾಯಂದಿರೂ ಅದನ್ನು ಕಾಪಾಡಿಕೊಂಡು ಬಂದರು.

ಪಠ್ಯಪುಸ್ತಕದ ಕನ್ನಡವನ್ನು ಮಕ್ಕಳು ಅವಶ್ಯವಾಗಿ ಕಲಿಯಲಿ. ಹೊರಗಿನ ಜಗತ್ತಿಗೆ ಅದು ಬೇಕು. ಆದರೆ ಒಂದನ್ನು ಕಲಿಯಲು ಇನ್ನೊಂದನ್ನು ಮರೆಯಬೇಕಾಗಿಲ್ಲ. ಪಾಲಕರೇ, ಮಕ್ಕಳ ಮುಂದೆ ನಿಮ್ಮ ಮಾತನ್ನು ಬದಲಿಸಬೇಡಿರಿ. 'ಉಳ್ಳಾಗಡ್ಡಿ' ಎಂದು ಬರೆದ ಹಾಳೆಯ ಮೇಲೆ ಕೆಂಪು ಶಾಯಿಯ ಗೆರೆ ಎಳೆಯದಿರುವುದು ಶಿಕ್ಷಕರಾದ ನಮ್ಮ ಕರ್ತವ್ಯ.